ಗೇರ್‌ಬಾಕ್ಸ್ ಹಾಕಿಸಿದ ಮೇಲೆ

“ಇವತ್ತೆಲ್ಲಿ ನಿಂತೈತೋ?”

ಸಪ್ಪಲಮ್ಮ ಕೇಳಿದ್ದು ಯಾರನ್ನೂ ಅಲ್ಲ. ಜಗಲಿಯ ಮೇಲೆ ಕಾಲು ಚಾಚಿ ಕೂತು, ಮೊರದ ತುಂಬ ಅವರೆಕಾಯಿ ಹರಡಿಕೊಂಡು, ಹೆದ್ದಾರಿಯ ಕಡೆ ಮುಖ ಮಾಡಿ ಕೇಳಿದಳು. ಒಳಗೆ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದ ಸೊಸೆ ಅಂಜಿನಮ್ಮ, ಆ ಮಾತು ತನ್ನ ಬೆನ್ನಿಗೇ ಬಂದು ತಾಕಿದರೂ ಕೋಲು ನಿಲ್ಲಿಸಲಿಲ್ಲ.

ಅರಿಶಿನಕುಂಟೆಯ ಆ ಮನೆಗೂ ರಸ್ತೆಗೂ ನಡುವೆ ಒಂದು ಹುಣಸೆಮರ, ಒಂದು ಹುಲ್ಲಿನ ಬಣವೆ, ಅಷ್ಟೇ. ಹಗಲೆಲ್ಲ ಲಾರಿಗಳು ಹೋಗುತ್ತಿದ್ದವು, ಬರುತ್ತಿದ್ದವು. ಅವುಗಳಲ್ಲಿ ತಮ್ಮದು ಯಾವುದೆನ್ನುವುದು ಮುದುಕ ಪಿಳ್ಳಪ್ಪನಿಂದ ಹಿಡಿದು ಕೊಟ್ಟಿಗೆಯ ಎಮ್ಮೆಯವರೆಗೆ ಎಲ್ಲರಿಗೂ ಸದ್ದಿನಲ್ಲೇ ತಿಳಿಯುತ್ತಿತ್ತು. ಈಚೆಗೆ ಆ ಸದ್ದು ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. ಸಾಸಲಿನಲ್ಲಿ ಕಡಲೆಕಾಯಿ ಮೂಟೆ ಹೇರಿಕೊಂಡು ಯಶವಂತಪುರದ ಮಂಡಿಗೆ ಹೊರಟ ಲಾರಿ ದಾರಿಯಲ್ಲಿ ಎಲ್ಲೋ ಒಂದು ಕಡೆ ನಿಂತುಬಿಡುತ್ತಿತ್ತು. ಮನೆಯಲ್ಲಿ ಒಬ್ಬರೂ ಕೂತ ಕಡೆ ಕೂರುತ್ತಿರಲಿಲ್ಲ.

“ಮುದ್ದೆ ಕಟ್ಬೇಡ ಕಣೇ, ಆರಿ ಕಲ್ಲಾಗ್ತದೆ. ಅವ್ನು ಬಂದ್ಮೇಲೆ ಕಟ್ಟುವಂತೆ.”

“ಮಾವ ಹಸ್ಕೊಂಡವ್ರೆ, ಅತ್ತೆ.”

“ನಿಮ್ಮಾವ ಯಾವಾಗ ಹಸ್ಕೊಂಡಿರ್ಲಿಲ್ಲ, ಹೇಳು.”

ನಡುಮನೆಯಲ್ಲಿ ಏಕಾದಶಿ ಭಜನೆಗೆಂದು ತಾಳಗಳನ್ನು ಹುಣಸೆಹಣ್ಣಿನಲ್ಲಿ ಉಜ್ಜುತ್ತಿದ್ದ ಪಿಳ್ಳಪ್ಪ ತಲೆಯೆತ್ತಿದ. “ಲಾರಿ ನಿಂತ್ರೆ ನನ್ನ ಹೊಟ್ಟೇನೂ ನಿಲ್ಬೇಕೇನೇ? ಎರಡಕ್ಕೂ ಬೆಸುಗೆ ಹಾಕವ್ರಾ?”

ಕೊಂಡಪ್ಪ ಬಂದಾಗ ಹುಣಸೆಮರದ ನೆರಳು ರಸ್ತೆ ದಾಟಿತ್ತು. ಮೊಣಕೈವರೆಗೆ ಡೀಸೆಲ್. ಕೈ ತೊಳೆಯಲು ಅಂಜಿನಮ್ಮ ಬೂದಿ ಹಿಡಿದು ನಿಂತಳು.

“ಎಲ್ಲಿ?” ಎಂದಳು ತಾಯಿ.

“ಮಧುರೆ ಏರಿ ಮೇಲೆ. ಹಿಂದೆ ಬಸ್ಸು. ಅದರಲ್ಲಿದ್ದೋರೆಲ್ಲ ಇಳಿದು, ಉಗಿದು, ಮತ್ತೆ ಹತ್ಕೊಂಡ್ರು.”

“ಆಮೇಲೆ?”

“ಆಮೇಲೇನು, ದಿನದಂಗೆ. ಟ್ಯಾಂಕಿನ ಮುಚ್ಚಳ ತೆಗೆದು ಕೋಲು ಅದ್ದಿ ನೋಡ್ದೆ, ಡೀಸೆಲ್ ಐತೆ. ಫಿಲ್ಟರಿನ ಸ್ಕ್ರೂ ಸಡಿಲ ಮಾಡಿ, ಪಂಪು ಒತ್ತಿ ಒತ್ತಿ ಪೈಪಲ್ಲಿ ಸೇರಿದ್ದ ಗಾಳಿ ಹೊರಕ್ಕೆ ಬಿಟ್ಟೆ. ಸ್ಟಾರ್ಟಾಯ್ತು. ನೆಲಮಂಗಲ ದಾಟಿದ್ಮೇಲೆ ಮತ್ತೆ ನಿಂತ್ಕೊಳ್ತು.”

“ಗೇರ್ಬಾಕ್ಸು,” ಎಂದಳು ಸಪ್ಪಲಮ್ಮ. ಅಂಜಿನಮ್ಮ ಬೂದಿಯನ್ನು ಗಂಡನ ಕೈಗೆ ಸುರಿದು ಒಳಗೆ ನಡೆದಳು.

ಗೇರ್‌ಬಾಕ್ಸ್ ಕೂಡಿಸಿದವನು ಅಂಜಿನಮ್ಮನ ತಮ್ಮ ಮುನಿಸ್ವಾಮಿ. ತಾಯಿ ಸತ್ತ ಮೇಲೆ ಕಂಕುಳಲ್ಲಿ ಹೊತ್ತು ಬೆಳೆಸಿದ ತಮ್ಮ. ಕಲಾಸಿಪಾಳ್ಯದಲ್ಲಿ ಒಬ್ಬ ಸಾಹೇಬರ ಗ್ಯಾರೇಜಿನಲ್ಲಿ ಕೆಲಸ ಕಲಿತು, ರೈಲು ಮುಷ್ಕರ ನಡೆದ ಆ ವರ್ಷ, ಎಲ್ಲರಿಗೂ ಲಾರಿಯೇ ಬೇಕಾದ ಕಾಲ ನೋಡಿಕೊಂಡು, ನೆಲಮಂಗಲದಲ್ಲಿ ತಗಡಿನ ಶೆಡ್ಡು ಹಾಕಿದ್ದ. ದಸರಾ ಕಳೆದ ಮೇಲೆ ಕೊಂಡಪ್ಪನ ಲಾರಿಯ ಗೇರ್‌ಬಾಕ್ಸಿನ ಹಲ್ಲುಗಳು ಉದುರಿದಾಗ ಅವನೇ ಓಡಿ ಬಂದಿದ್ದ. “ಭಾವ, ನನ್ನ ಶೆಡ್ಡಿನ ಮೊದಲ್ನೇ ದೊಡ್ಡ ಕೆಲಸ ನಿಮ್ದೇ ಆಗ್ಲಿ. ನಿಮ್ಮ ಗಾಡಿ ರೋಡಲ್ಲಿ ಓಡೋದು ನೋಡಿ ಉಳಿದೋರು ಬರ್ಲಿ” ಎಂದಿದ್ದ. ಗುಜರಿಗೆ ಬಂದಿದ್ದ ಅದೇ ಜಾತಿಯ ಇನ್ನೊಂದು ಲಾರಿಯಿಂದ ಗೇರ್‌ಬಾಕ್ಸ್ ಬಿಚ್ಚಿ ತಂದು ಕೂಡಿಸಿದ. ಗೇರು ಬೆಣ್ಣೆಯಲ್ಲಿ ಬೆರಳಾಡಿದ ಹಾಗೆ ಬೀಳುತ್ತಿತ್ತು. ನಾಲ್ಕು ದಿನ ಕೊಂಡಪ್ಪ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ. ಆಮೇಲೆ ಲಾರಿ ನಿಲ್ಲಲು ಶುರುವಾಯಿತು.

ಸಪ್ಪಲಮ್ಮನಿಗೆ ಮೊದಲ ದಿನದಿಂದಲೇ ಅಳುಕಿತ್ತು. “ಇನ್ನೊಂದು ಗಾಡಿ ಹೊಟ್ಟೇಲಿದ್ದಿದ್ನ ತಂದು ಇದರ ಹೊಟ್ಟೇಗಿಟ್ಟವ್ರೆ. ಆ ಗಾಡಿ ಹೆಂಗೆ ಸತ್ತಿತ್ತೋ, ಎಷ್ಟು ಜನರನ್ನ ಕರ್ಕೊಂಡು ಸತ್ತಿತ್ತೋ,” ಎಂದು ಅವಳು ಹರಕೆ ಹೊತ್ತಳು: ಶುಕ್ರವಾರ ಶುಕ್ರವಾರ ಅಮ್ಮನ ಮುಖ ಮಾಡಿ ಲಾರಿಯ ಮೇಲೆ ಕೂರಿಸುವುದು. ಗೇರ್‌ಬಾಕ್ಸ್ ಇರುವುದು ಕೆಳಗೆ, ಅವಳ ಸೊಂಟ ಬಗ್ಗದು. ಪಕ್ಕದಲ್ಲಿ ಡೀಸೆಲ್ ಟ್ಯಾಂಕಿನ ಮುಚ್ಚಳ ಕೈಗೆ ಎಟುಕುವಷ್ಟು ಎತ್ತರದಲ್ಲಿ, ಮುಖದಂತೆಯೇ ದುಂಡಗಿತ್ತು. ಅರಿಶಿನಕ್ಕೆ ಗೋಧಿಹಿಟ್ಟು ಬೆರೆಸಿ ಅಂಜಿನಮ್ಮ ಕಲಸಿಕೊಡುತ್ತಿದ್ದಳು, ಬಿರುಕು ಬಿಟ್ಟು ಉದುರಬಾರದೆಂದು. ಸಪ್ಪಲಮ್ಮ ಅದನ್ನು ಮುಚ್ಚಳದ ಮೇಲೆ ಮೆತ್ತಿ, ಮೂಗು ತಿದ್ದಿ, ಕಾಡಿಗೆಯಲ್ಲಿ ಕಣ್ಣು ಬರೆದು, ನಡುವೆ ಇದ್ದ ಸಣ್ಣ ತೂತಿಗೆ ಕುಂಕುಮ ಅದುಮುತ್ತಿದ್ದಳು. “ನೋಡು, ಬೊಟ್ಟಿಡೋಕೆ ಅಂತ್ಲೇ ಜಾಗ ಬಿಟ್ಟವ್ರೆ,” ಎಂದು ಅವಳಿಗೆ ಸಮಾಧಾನ. ಕೊಂಡಪ್ಪನೂ ಭಕ್ತಿಯವನೇ. ಡೀಸೆಲ್ ಹಾಕಿಸುವಾಗ ಅಮ್ಮನ ಮುಖಕ್ಕೆ ಕೈ ತಾಗದಂತೆ ಅಂಚು ಹಿಡಿದೇ ತಿರುಗಿಸುತ್ತಿದ್ದ.

ಭಾನುವಾರ ಮುನಿಸ್ವಾಮಿಯನ್ನು ಮನೆಗೆ ಕರೆಸಿದರು. ಅವನು ಸೈಕಲ್ಲನ್ನು ಹುಣಸೆಮರಕ್ಕೆ ಒರಗಿಸಿ, ಚಪ್ಪಲಿ ದೂರದಲ್ಲೇ ಬಿಟ್ಟು ಬಂದ. ಊಟದ ಹೊತ್ತು. ಸಪ್ಪಲಮ್ಮ ಕೂರು ಅನ್ನಲಿಲ್ಲ.

“ಭಾವ, ಗೇರ್ಬಾಕ್ಸಿಗೂ ಇಂಜಿನ್ ನಿಲ್ಲೋದಕ್ಕೂ ಏನು ಸಂಬಂಧ? ಗೇರು ಜಾರ್ತದಾ? ಸದ್ದು ಬರ್ತದಾ?”

“ಇಲ್ಲ,” ಎಂದ ಕೊಂಡಪ್ಪ.

“ಮತ್ತೆ?”

“ನೀನು ಬಿಚ್ಚೋಕ್ ಮುಂಚೆ ನಿಲ್ತಿರ್ಲಿಲ್ಲವಲ್ಲೋ! ಅದಕ್ಕೆ ಹೇಳು ಉತ್ತರಾನ.”

ಮುನಿಸ್ವಾಮಿ ತಲೆ ಕೆರೆದುಕೊಂಡ. “ಗೇರ್ಬಾಕ್ಸ್ ಇಳಿಸಿದಾಗ ಇಂಜಿನ್ ಹಿಂದಕ್ಕೆ ವಾಲ್ತದೆ. ಡೀಸೆಲ್ ಪೈಪು ಎಲ್ಲಾದ್ರೂ ನಜ್ಜಿರಬಹುದು. ಗಾಳಿ ಎಳೀತಿರಬಹುದು. ಗಾಡಿ ತಗೊಂಡು ಬನ್ನಿ, ಎಲ್ಲ ಇನ್ನೊಂದು ಸಲ ಬಿಚ್ಚಿ ನೋಡ್ತೀನಿ.”

“ಬಿಚ್ಚೋದು ಕಲ್ತವ್ನೆ,” ಎಂದಳು ಸಪ್ಪಲಮ್ಮ ಅವರೆಕಾಳಿಗೆ ಹೇಳುವಂತೆ.

“ಅತ್ತೆಮ್ಮ, ನಾನೇನು ಬೇಕಂತ...”

“ನಿನ್ನನ್ನ ಯಾರಪ್ಪಾ ಏನಂದ್ರು? ನಮ್ಮ ಹಣೇಬರ ಅಂದೆ.”

ಅಂಜಿನಮ್ಮ ತಟ್ಟೆಯಲ್ಲಿ ಮುದ್ದೆ, ಹಿತಕಿದ ಬೇಳೆ ಸಾರು ತಂದು ತಮ್ಮನ ಮುಂದಿಟ್ಟಳು. ಅವನು ಅಕ್ಕನ ಮುಖ ನೋಡಿ, ತಟ್ಟೆಗೆ ಕೈ ಮುಗಿದು ಹೊರಗೆ ನಡೆದ. ಸೈಕಲ್ಲಿನವರೆಗೆ ಅವಳು ಹಿಂದೆ ಹೋದಳು.

“ತಿಂದು ಹೋಗೋ, ಮುನಿಯ.”

“ಆಗಲ್ಲಕ್ಕ, ಇಳಿಯಲ್ಲ. ಲಾರಿ ಬೈರಪ್ಪ ಅವನ ಎರಡು ಗಾಡೀನೂ ರಿಪೇರಿಗೆ ನಂಗೇ ಕೊಡ್ತೀನಿ ಅಂತಿದ್ದ. ಈಗ ಭಾವನ ಲಾರಿ ನೆಟ್ಟಗಾಗ್ಲಿ, ಆಮೇಲೆ ನೋಡೋಣ ಅಂತಾನೆ. ಇದೊಂದು ಸರಿಹೋಗ್ಲಿಲ್ಲ ಅಂದ್ರೆ ತಗಡು ಕಿತ್ತು ಮಾರಿ, ಮತ್ತೆ ಸಾಹೇಬರ ಹತ್ರ ಹೋಗಿ ಇನ್ನೊಬ್ಬರಿಗೆ ಸ್ಪ್ಯಾನರ್ ಎತ್ಕೊಡೋದೇ.”

ಮಾರನೆಯ ದಿನ ಲಾರಿ ಶೆಡ್ಡಿಗೆ ಹೋಯಿತು. ಮುನಿಸ್ವಾಮಿ ಗೇರ್‌ಬಾಕ್ಸನ್ನು ಮತ್ತೆ ಇಳಿಸಿದ, ಕ್ಲಚ್ ನೋಡಿದ, ಡೀಸೆಲ್ ಪೈಪು ಹೊಸದು ಹಾಕಿದ, ತಾಮ್ರದ ವಾಷರುಗಳನ್ನೆಲ್ಲ ಬದಲಾಯಿಸಿದ. ಹೊಲಸಿನಲ್ಲಿ ಏನೂ ಕಾಣುವುದಿಲ್ಲವೆಂದು ಇಡೀ ಲಾರಿಯನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ತೊಳೆದ. ತಾನೇ ಪಕ್ಕದಲ್ಲಿ ಕೂತು ಸಾಸಲಿಗೆ ಹೋಗಿ, ಲೋಡು ಹೇರಿಸಿ, ಯಶವಂತಪುರದವರೆಗೂ ಬಂದ. ಎಲ್ಲೂ ನಿಲ್ಲಲಿಲ್ಲ. ಅದರ ಮಾರನೆಯ ದಿನವೂ ನಿಲ್ಲಲಿಲ್ಲ. ಕೊಂಡಪ್ಪ ಹೆಂಡತಿಗೆ ಮಲ್ಲಿಗೆ ಹೂವು ತಂದ.

ಸಪ್ಪಲಮ್ಮನಿಗೆ ಮಾತ್ರ ಸಿಟ್ಟು. “ಅಮ್ಮನ ಮುಖಾನ ಸೀಮೆಎಣ್ಣೇಲಿ ತೊಳ್ದವ್ನಲ್ಲ, ಕೈ ಹೆಂಗ್ ಬಂತು ಅವ್ನಿಗೆ?” ಶುಕ್ರವಾರ ಬೆಳಿಗ್ಗೆ ತಪ್ಪು ಒಪ್ಪಿಸಿಕೊಳ್ಳಮ್ಮ ಎಂದು ಬೇಡಿ, ಮೊದಲಿಗಿಂತ ದಪ್ಪ ಮೆತ್ತಿದಳು.

ಶುಕ್ರವಾರವೇ ಲಾರಿ ದೊಡ್ಡಬಳ್ಳಾಪುರದ ರೈಲ್ವೆ ಗೇಟಿನಲ್ಲಿ ನಿಂತಿತು, ಹಳಿಯಿಂದ ಒಂದು ಮಾರು ಈಚೆಗೆ. ಆ ದಿನ ಕೊಂಡಪ್ಪ ಮನೆಗೆ ಬಂದವನು ಕೈ ಕೂಡ ತೊಳೆಯಲಿಲ್ಲ.

“ಆ ನನ್ಮಗ ಇನ್ನು ಈ ಹೊಸ್ತಿಲು ತುಳಿಯಂಗಿಲ್ಲ. ನೀನೂ ಅಷ್ಟೆ, ಅವನ ಶೆಡ್ಡಿನ ಕಡೆ ಕಾಲಿಕ್ಕಂಗಿಲ್ಲ. ಕೇಳುಸ್ತಾ?”

“ಕೇಳುಸ್ತು,” ಎಂದಳು ಅಂಜಿನಮ್ಮ.

“ಹಳಿ ಮೇಲೆ ನಿಂತಿದ್ರೆ?” ಸಪ್ಪಲಮ್ಮ ಕಣ್ಣು ಮುಚ್ಚಿ ಕೆನ್ನೆ ಬಡಿದುಕೊಂಡಳು. “ಅಮ್ಮ ಕಾಪಾಡಿದ್ಲು. ಒಂದು ಮಾರು ಈಚೇಗೇ ನಿಲ್ಸಿದ್ಲು.”

ಪಿಳ್ಳಪ್ಪ ಅಂಗಳದಲ್ಲಿ ಅಡ್ಡಾಡುತ್ತಿದ್ದವನು ನಿಂತ. “ಆ ಗಾಡಿ ಮಾರ್ಬಿಡೋ. ನಾಲ್ಕು ಎಮ್ಮೆ ಕಟ್ಟೋಣ. ಎಮ್ಮೆ ನಿಂತ್ರೂ ಹಾಲು ಕೊಡ್ತದೆ.”

“ನಿಲ್ಲೋ ಗಾಡೀನ ಯಾರು ತಗೋತಾರಪ್ಪ? ನೀನು ತಗೋತೀಯಾ?”

ಆ ಶುಕ್ರವಾರದಿಂದ ಸಪ್ಪಲಮ್ಮ ಲಾರಿ ಮನೆ ಸೇರುವವರೆಗೆ ಬಾಯಿಗೆ ನೀರನ್ನೂ ಹಾಕದ ಒಪ್ಪತ್ತು ಹಿಡಿದಳು. ಸೊರಗಿದಳು. ಅಂಜಿನಮ್ಮನಿಗೆ ಅತ್ತೆಯ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಹೊಟ್ಟೆಯ ಕೂಸು ನಿಲ್ಲದೆ ಅವಳು ನೆಲ ಹಿಡಿದಾಗ, ತವರಿನಲ್ಲಿ ತಾಯಿಲ್ಲದವಳಿಗೆ ಗಂಜಿ ಕುಡಿಸಿ, ಬಟ್ಟೆ ಒಗೆದು, ತಲೆ ಬಾಚಿದ ಕೈ ಇದೇ. ಆ ಕೈಗೆ ಅವಳು ವಾರವಾರ ಅರಿಶಿನದ ಮುದ್ದೆ ಕಲಸಿಕೊಟ್ಟಳು. ಲಾರಿ ನಿಲ್ಲುವುದು ಹೆಚ್ಚಿದಷ್ಟೂ ಮುಖ ದಪ್ಪವಾಯಿತು.

ಬೈರಪ್ಪ ತನ್ನ ಎರಡು ಲಾರಿಗಳನ್ನೂ ಬೆಂಗಳೂರಿನ ಗ್ಯಾರೇಜಿಗೆ ಒಯ್ದ. ಅದಾದ ಮೇಲೆ ಕೊಂಡಪ್ಪನ ಕ್ಲೀನರ್ ದೊಡ್ಡಬೀರಪ್ಪನೂ ಬೈರಪ್ಪನ ಹತ್ತಿರವೇ ಸೇರಿಕೊಂಡ. “ಗಾಡಿ ತೊಳೆಯೋಕ್ ಬಂದೋನು ಕಣಣ್ಣ, ತಳ್ಳೋಕಲ್ಲ,” ಎಂದು ಹೇಳಿ ಹೋದ.

ಶನಿವಾರದ ಲೋಡಿಗೆ ಜನವಿಲ್ಲ. ಏರಿಯ ಮೇಲೆ ನಿಂತರೆ ಚಕ್ರಕ್ಕೆ ಕಲ್ಲು ಕೊಡಲಾದರೂ ಒಬ್ಬರು ಬೇಕು.

“ನಾನು ಬರ್ತೀನಿ,” ಎಂದಳು ಅಂಜಿನಮ್ಮ.

“ಏನಂದೆ?” ಸಪ್ಪಲಮ್ಮನ ಕೈಯ ಲೋಟ ನಿಂತಿತು. “ಹೆಂಗಸು ಲಾರಿ ಮುಂದೆ ಕೂತ್ಕೊಂಡು ಹೋದ್ರೆ ನಾಲ್ಕು ಜನ ಏನಂದಾರು?”

“ನಿಲ್ಲೋ ಲಾರಿಯೋರು ಅಂತ ಈಗಾಗ್ಲೇ ಅಂತಾವ್ರೆ,” ಎಂದ ಪಿಳ್ಳಪ್ಪ. “ಹೋಗಮ್ಮ. ಚಕ್ರಕ್ಕೆ ಕಲ್ಲಿಡೋಕೆ ಮೀಸೆ ಬೇಕಾಗಿಲ್ಲ.”

ಬುತ್ತಿ ಕಟ್ಟಿಕೊಂಡು ಅವಳು ಹತ್ತಿದಳು. ಖಾಲಿ ಲಾರಿ ದೊಡ್ಡಬಳ್ಳಾಪುರ ದಾಟಿದ ಮೇಲೆ ಒಂದು ಸಲ ನಿಂತಿತು. ಅವಳು ಕಲ್ಲಿಟ್ಟಳು. ಕೊಂಡಪ್ಪ ದಿನದಂತೆ ಮುಚ್ಚಳ ತೆಗೆದು ಕೋಲು ಅದ್ದಿದ, ಸ್ಕ್ರೂ ಸಡಿಲಿಸಿದ, ಪಂಪು ಒತ್ತಿದ. ಹೊರಟಿತು. ಸಾಸಲಿನಲ್ಲಿ ಮೂಟೆ ಹೇರಿಕೊಂಡು ತಿರುಗಿ ಬರುವಾಗ, ಮಧುರೆಯ ಕೆರೆ ಏರಿಯ ನಟ್ಟನಡುವೆ ಇಂಜಿನ್ ಎರಡು ಸಲ ಮುಗ್ಗರಿಸಿ ಸುಮ್ಮನಾಯಿತು. ಹಿಂದೆ ಬಸ್ಸಿನ ಹಾರನ್ನು.

“ಕಲ್ಲು! ಕಲ್ಲಿಡು ಮೊದ್ಲು! ಮುಚ್ಚಳ ತೆಗೆದು ಡೀಸೆಲ್ ನೋಡು, ನಾನು ಸ್ಪ್ಯಾನರ್ ತಗೀತೀನಿ!”

ಕಲ್ಲಿಟ್ಟು ಬಂದು ಅಂಜಿನಮ್ಮ ಮುಚ್ಚಳಕ್ಕೆ ಕೈ ಹಾಕಿದಳು. ಅಮ್ಮನ ಮುಖ ಹಸಿ ಅರಿಶಿನದಲ್ಲಿ ಅವಳನ್ನೇ ನೋಡುತ್ತಿತ್ತು. ಮುಚ್ಚಳ ಜಪ್ಪಯ್ಯ ಅನ್ನಲಿಲ್ಲ. ಸೆರಗು ಸುತ್ತಿ ಬಲ ಹಾಕಿ ತಿರುಗಿಸಿದಾಗ ಸುಸ್ಸ್ ಎಂದು ಸದ್ದಾಯಿತು. ಸೆರಗಿನ ತುದಿ ಮುಚ್ಚಳದ ಸಂದಿಯೊಳಕ್ಕೆ ಜಗ್ಗಿತು. ಗಾಳಿ ಹೊರಗೆ ಬರುತ್ತಿಲ್ಲ, ಒಳಕ್ಕೆ ಹೋಗುತ್ತಿದೆ.

ಅತ್ತ ಕೊಂಡಪ್ಪ ಸೀಟಿನ ಕೆಳಗೆಲ್ಲ ತಡಕಾಡುತ್ತಿದ್ದ. “ಸ್ಪ್ಯಾನರ್ ಆಗ್ಲೇ ನಿಂತ್ಕೊಂಡಿದ್ದಲ್ಲಿ ಬಿಟ್ಬಂದ್ನಲ್ಲೇ! ಸತ್ವಿ!” ಬಸ್ಸಿನವನ ಬೈಗುಳ ತಾಳಲಾರದೆ, ಇನ್ನೇನೂ ತೋಚದೆ, ಸಿಟ್ಟಿಗೆ ಸ್ಟಾರ್ಟರ್ ಒತ್ತಿದ. ಇಂಜಿನ್ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಹೊತ್ತಿಕೊಂಡಿತು.

ಏರಿ ಇಳಿದು ಬಸ್ಸಿಗೆ ದಾರಿ ಬಿಟ್ಟ ಮೇಲೆ ಕೊಂಡಪ್ಪ ಹೆಂಡತಿಯ ಕಡೆ ತಿರುಗಿದ. “ಏನ್ ಮಾಡ್ದೆ ನೀನು?”

“ಏನೂ ಮಾಡ್ಲಿಲ್ಲ. ಮುಚ್ಚಳ ತೆಗ್ದೆ. ಸುಸ್ಸ್ ಅಂತು.”

“ಅದು ದಿನಾ ಹಂಗೇ ಅಂತದೆ. ಡೀಸೆಲ್ ಕಾದಿರ್ತದೆ.”

“ಕಾದಿದ್ರೆ ಹೊರಕ್ಕೆ ಬರ್ಬೇಕಲ್ವಾ? ಇದು ನನ್ನ ಸೆರಗನ್ನ ಒಳಕ್ಕೆ ಎಳ್ಕೊಳ್ತು. ಬಿಸಿ ಸಾರನ್ನ ಡಬ್ಬಿಗೆ ಹಾಕಿ ಬಿಗಿದಿಟ್ರೆ, ಆರಿದ್ಮೇಲೆ ಮುಚ್ಚಳ ಹೆಂಗ್ ಕಚ್ಕೊಂಡಿರ್ತದೆ, ಹಂಗೆ ಕಚ್ಕೊಂಡಿತ್ತು.”

ಕೊಂಡಪ್ಪ ಕನ್ನಡಿಯಲ್ಲಿ ಟ್ಯಾಂಕಿನ ಕಡೆ ಕಣ್ಣು ಹಾಯಿಸಿದ. “ಇನ್ನೊಂದು ಸಲ ನಿಲ್ಲಲಿ,” ಎಂದ. ಇಷ್ಟು ವಾರದಲ್ಲಿ ಅವನು ಲಾರಿ ನಿಲ್ಲಲಿ ಎಂದು ಬಯಸಿದ್ದು ಅದೇ ಮೊದಲು.

ನೆಲಮಂಗಲ ಇನ್ನೂ ದೂರವಿರುವಾಗಲೇ ಅದು ನಿಂತಿತು. ಇಬ್ಬರೂ ಇಳಿದರು. ಪಂಪು ಮುಟ್ಟಲಿಲ್ಲ, ಸ್ಕ್ರೂ ಮುಟ್ಟಲಿಲ್ಲ. ಮುಚ್ಚಳ ಮಾತ್ರ ತೆಗೆದರು. ಸುಸ್ಸ್ ಎಂದಿತು. ಸ್ಟಾರ್ಟರ್ ಒತ್ತಿದರೆ ಇಂಜಿನ್ ಎದ್ದಿತು. ಕೊಂಡಪ್ಪ ಮುಚ್ಚಳವನ್ನು ಕೈಯಲ್ಲಿ ಹಿಡಿದು ಒಳಮೈ ನೋಡಿದ. ನಡುವೆ ಸಣ್ಣ ತೂತು. ತೂತಿನ ತುಂಬ ಕೆಂಪು. ತಿರುಗಿಸಿ ಹೊರಮೈ ನೋಡಿದ. ಅಮ್ಮನ ಹಣೆಯ ಬೊಟ್ಟು.

“ಡೀಸೆಲ್ ಇಳೀತಾ ಹೋದಂಗೆ ಗಾಳಿ ಒಳಕ್ಕೆ ಹೋಗೋಕೆ ಇದ್ದಿದ್ದೇ ಇದೊಂದು ದಾರಿ,” ಎಂದ. “ಪಂಪು ಎಷ್ಟೂಂತ ಎಳ್ದೀತು?”

“ಮುನಿಯ ತೊಳೆದಾಗ ಅದಕ್ಕೇ ಓಡ್ತು.”

“ಹ್ಞೂ. ಶುಕ್ರವಾರ ಆದ್ಮೇಲೆ ನಿಂತ್ಕೊಳ್ತು.” ಮುಚ್ಚಳವನ್ನು ಅವಳ ಕಡೆ ಚಾಚಿದ. “ನೀನೇ ತೆಗಿ. ನಂಗೆ ಕೈ ಬರಲ್ಲ.”

ಅಂಜಿನಮ್ಮ ಮುಚ್ಚಳವನ್ನು ಕಣ್ಣಿಗೊತ್ತಿಕೊಂಡಳು. ತುರುಬಿನ ಪಿನ್ನು ಕಿತ್ತು, ಕಣ್ಣು ಮೂಗು ಒಂದಕ್ಕೂ ಊನವಾಗದ ಹಾಗೆ, ಬೊಟ್ಟಿನಷ್ಟನ್ನೇ ಕೆದಕಿ ತೆಗೆದಳು. ತೂತಿನಲ್ಲಿ ಬೆಳಕು ಕಂಡಿತು.

ಅಲ್ಲಿಂದ ಯಶವಂತಪುರದವರೆಗೆ ಲಾರಿ ಒಂದು ಸಲವೂ ನಿಲ್ಲಲಿಲ್ಲ. ಮೂಟೆ ಇಳಿಸಿ ತಿರುಗಿ ಬರುವಾಗಲೂ ನಿಲ್ಲಲಿಲ್ಲ. ಹೋಗುವಾಗ ಕೊಂಡಪ್ಪ ನಗುತ್ತಿದ್ದ, ಹಾಡು ಗುನುಗುತ್ತಿದ್ದ. ಬರುವಾಗ ಊರು ಹತ್ತಿರವಾದಷ್ಟೂ ಸುಮ್ಮನಾದ. ಅರಿಶಿನಕುಂಟೆಯ ದಾರಿಗೆ ತಿರುಗದೆ ನೆಟ್ಟಗೆ ನೆಲಮಂಗಲಕ್ಕೆ ಡೀಸೆಲ್ ಹಾಕಿಸಲು ನಡೆದಾಗ, ತಮ್ಮನ ಶೆಡ್ಡಿಗೇ ಕರೆದೊಯ್ಯುತ್ತಾನೆಂದು ಅಂಜಿನಮ್ಮ ಸೆರಗು ಸರಿಮಾಡಿಕೊಂಡಳು. ಶೆಡ್ಡಿನ ತಗಡು ದೂರದಿಂದಲೇ ಕಂಡಿತು. ಮುಂದೆ ಹಳೆಯ ಟೈರಿನ ಮೇಲೆ ಮುನಿಸ್ವಾಮಿ ಒಬ್ಬನೇ ಕೂತಿದ್ದ. ಕ್ಯಾಬಿನಿನಲ್ಲಿ ಅಕ್ಕನನ್ನು ಕಂಡು ಎದ್ದು ನಿಂತ. ಕೊಂಡಪ್ಪ ವೇಗ ತಗ್ಗಿಸಲಿಲ್ಲ.

ಬಂಕಿನಲ್ಲಿ ಬೈರಪ್ಪ ಸಿಕ್ಕಿದ. ಕ್ಯಾಬಿನಿನೊಳಗೆ ಇಣುಕಿ, “ಏನ್ ಗುರು, ಹೊಸ ಕ್ಲೀನರ್ರಾ?” ಎಂದು ನಕ್ಕ. “ಇವತ್ತೆಷ್ಟು ಕಡೆ ನಿಂತಿತ್ತು?”

“ನಿಲ್ಲಲ್ಲ ಇನ್ಮೇಲೆ. ಸರಿಹೋಯ್ತು.”

“ಏನಾಗಿತ್ತಂತೆ?”

ಕೊಂಡಪ್ಪ ಹೆಂಡತಿಯ ಕಡೆ ನೋಡಲಿಲ್ಲ. “ಅದೇ, ಹುಡುಗ ಏನೋ ಒಂದು ಸಡಿಲ ಬಿಟ್ಟಿದ್ದ. ಬಿಗಿ ಮಾಡ್ದೆ.”

“ನಾನು ಆವತ್ತೇ ಅಂದಿದ್ನಲ್ಲ,” ಎಂದು ಬೈರಪ್ಪ ಬೀಡಿ ಹಚ್ಚಿದ.

ಮನೆಗೆ ತಿರುಗುವ ದಾರಿಯಲ್ಲಿ ಕೊಂಡಪ್ಪ ಲಾರಿಯನ್ನು ಪಕ್ಕಕ್ಕೆ ತೆಗೆದು ತಾನೇ ನಿಲ್ಲಿಸಿದ. ಬಣವೆಯಾಚೆ ಜಗಲಿ ಕಾಣುತ್ತಿತ್ತು. ಸದ್ದು ಕೇಳಿ ಸಪ್ಪಲಮ್ಮ ಆರತಿ ತಟ್ಟೆ ಹಿಡಿದು ಅಂಗಳಕ್ಕೆ ಬಂದಾಗಿತ್ತು. ಹಣೆಗೆ ಕೈ ಅಡ್ಡ ಹಿಡಿದು ರಸ್ತೆಯ ಕಡೆ ನೋಡುತ್ತಿದ್ದಳು.

“ಅಂಜಿನಿ, ಸಿಟ್ಟಾಗ್ಬೇಡ. ಇಲ್ಲಿ ಕೇಳು.”

ಅವಳು ಕೇಳಿದಳು.

“ಅಮ್ಮಂಗೆ ಇದು ಗೊತ್ತಾಗ್ಬಾರ್ದು. ಉಪವಾಸ ಬಿದ್ದು ಒಣಗವ್ಳೆ. ತಾನು ಮಾಡಿದ ಪೂಜೆಯಿಂದ್ಲೇ ಗಾಡಿ ನಿಲ್ತಿತ್ತು, ರೈಲ್ವೆ ಗೇಟಲ್ಲಿ ನಾನು ಸಾಯ್ಬೇಕಾಗಿತ್ತು ಅಂತ ತಿಳಿದ್ರೆ ಅವ್ಳು ಉಳಿಯಲ್ಲ. ಇನ್ನೊಂದು ಸಲ ದೇವರ ಮುಂದೆ ದೀಪ ಹಚ್ಚೋದಿಲ್ಲ. ಮುಚ್ಚಳಕ್ಕೆ ಬೇರೆ ಏನೋ ನೆಪ ಹೇಳಿ ನಾನು ನೋಡ್ಕೋತೀನಿ.”

“ಮುನಿಯ?”

“ಅವ್ನು ಗಂಡಸು ಕಣೇ. ಒಂದು ಮಾತು ಹೊತ್ಕೊಂಡ್ರೆ ಏನ್ ಕರಗೋಗ್ತಾನಾ? ಕಲಾಸಿಪಾಳ್ಯಕ್ಕೆ ಹೋದ್ರೆ ಅನ್ನಕ್ಕೇನು ಬರವಿಲ್ಲ. ಸ್ವಲ್ಪ ದಿನ ಹೋಗ್ಲಿ, ನಾನೇ ಮನೆಗೆ ಕರೀತೀನಿ, ಊಟಕ್ಕಿಕ್ತೀನಿ. ಪೈಪು ಸರಿಯಾಗಿ ಕೂಡ್ಸಿರ್ಲಿಲ್ಲ ಅಂತ ಅಮ್ಮನ ಹತ್ರ ನಾನೇ ಹೇಳ್ತೀನಿ. ನೀನೇನೂ ಸುಳ್ಳು ಹೇಳ್ಬೇಡ. ಸುಮ್ನೆ ನಿಂತಿರು, ಅಷ್ಟೇ ನಾನು ಕೇಳ್ಕೊಳ್ಳೋದು.”

ಅಂಗಳದಿಂದ ಸಪ್ಪಲಮ್ಮ ಕೂಗಿದಳು. “ಯಾಕ್ರೋ ಅಲ್ಲೇ ನಿಂತ್ರಿ? ಮತ್ತೆ ನಿಂತ್ಕೊಳ್ತಾ?”

ಅಂಜಿನಮ್ಮ ಕ್ಯಾಬಿನಿನ ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟಳು.

“ಸುಮ್ನಿರಲ್ಲ,” ಎಂದಳು.